ಅಮ್ಮನ ಕಣ್ಣಿನ ಪೊರೆ: ಅಡಿಕೆ ಸುಗ್ಗಿ ಮುಗಿಯುವವರೆಗೆ ಕಾಯಬಹುದಾ?

ತೀರ್ಥಹಳ್ಳಿ_ರಘು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿಗೆ ಜಾಸ್ತಿ. ಹೋದ ಸುಗ್ಗಿಯಲ್ಲಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಬೆರಳು ಕೊಯ್ದುಕೊಂಡಿದ್ದರು. ರಾತ್ರಿ ಬಲ್ಬಿನ ಬೆಳಕಿನಲ್ಲಿ ಅಡಿಕೆಯ ಅಂಚು ಕಾಣುವುದಿಲ್ಲ, ಕೈ ಅಂದಾಜಿನ ಮೇಲೆ ಸುಲಿಯುತ್ತೇನೆ ಅಂತಾರೆ. ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿಸಿ ಅಂದರು. ಅಮ್ಮ ಮಾತ್ರ ಸುಗ್ಗಿ ಮುಗಿಯಲಿ, ಫೆಬ್ರವರಿಗೆ ನೋಡೋಣ ಅಂತ ಹಟ ಹಿಡಿದಿದ್ದಾರೆ. ದೊಡ್ಡಪ್ಪ ಬೇರೆ "ಪೊರೆ ಇನ್ನೂ ಹಣ್ಣಾಗಿಲ್ಲ, ಎಳೆಯದರಲ್ಲಿ ತೆಗೆಸಿದರೆ ಮತ್ತೆ ಬರುತ್ತೆ" ಅಂತ ಹೆದರಿಸಿದ್ದಾರೆ. ಪರಿಚಯದವರೊಬ್ಬರು ಪೊರೆ ಕರಗಿಸುವ ಡ್ರಾಪ್ಸ್ ಇದೆ ಅಂದರು.

ಇನ್ನೊಂದು ಗೊಂದಲ ಪೊರೆ ತೆಗೆದ ಮೇಲೆ ಕಣ್ಣೊಳಗೆ ಇಡುವ ಲೆನ್ಸಿನದು. ಒಂದು ಲೆನ್ಸಿಗೆ 30 ಸಾವಿರದ ಆಸುಪಾಸು, ಇನ್ನೊಂದಕ್ಕೆ 80 ಸಾವಿರದ ಮೇಲೆ ಹೇಳಿದ್ದಾರೆ. ದುಡ್ಡು ಜಾಸ್ತಿ ಕೊಟ್ಟರೆ ಕಣ್ಣು ಜಾಸ್ತಿ ಚೆನ್ನಾಗಿ ಕಾಣುತ್ತಾ? ಮಾಡಿಸಿಕೊಂಡವರು, ಮನೆಯವರಿಗೆ ಮಾಡಿಸಿದವರು ದಯವಿಟ್ಟು ಹೇಳಿ.

ಸವಿತಾ_ಶಿರಸಿ
ರಘು, ನಮ್ಮ ಅತ್ತೆಗೂ ಇದೇ ಕಥೆ ಆಗಿತ್ತು. ದೀಪಾವಳಿ ಆಗಲಿ, ಕೊನೆ ಕೊಯ್ಲು ಆಗಲಿ, ಮೊಮ್ಮಗನ ಉಪನಯನ ಆಗಲಿ ಅಂತ ಮುಂದೂಡುತ್ತಲೇ ಬಂದರು. ಕೊನೆಗೆ ಬಚ್ಚಲಿನ ಮೆಟ್ಟಿಲು ಕಾಣದೆ ಬಿದ್ದು ಸೊಂಟದ ಮೂಳೆ ಮುರಿಯಿತು. ಆಮೇಲೆ ಸೊಂಟದ ಆಪರೇಶನ್ ಮೊದಲು, ಕಣ್ಣಿನದು ಆಮೇಲೆ. ಮೆಟ್ಟುಗತ್ತಿ ಮುಂದೆ ಕೂರುವವರಿಗೆ ಕಣ್ಣು ಕಾಣದಿದ್ದರೆ ಸುಗ್ಗಿಗೆ ಮೊದಲೇ ಮಾಡಿಸಬೇಕು, ನಂತರ ಅಲ್ಲ.

ಗುರುಮೂರ್ತಿ_ಮೇಷ್ಟ್ರು
ಪೊರೆ ಹಣ್ಣಾಗಬೇಕು ಅನ್ನುವ ಮಾತು ಎಲ್ಲಿಂದ ಬಂತು ಅಂತ ಹೇಳುತ್ತೇನೆ, ಯಾಕೆಂದರೆ ನಿಮ್ಮ ದೊಡ್ಡಪ್ಪ ಸುಮ್ನೆ ಹೇಳಿದ್ದಲ್ಲ. ಹಿಂದೆ ಪೊರೆ ಕಟ್ಟಿದ ಇಡೀ ಮಸೂರವನ್ನು, ಅಂದರೆ ಕಣ್ಣೊಳಗಿನ ಹುಟ್ಟು ಲೆನ್ಸನ್ನು, ಅದರ ಚೀಲದ ಸಮೇತ ಹೊರಗೆ ತೆಗೆಯುತ್ತಿದ್ದರು. ಕಣ್ಣನ್ನು ದೊಡ್ಡದಾಗಿ ಕೊಯ್ಯಬೇಕಿತ್ತು. ಒಳಗೆ ಲೆನ್ಸ್ ಇಡುತ್ತಿರಲಿಲ್ಲ. ಆಪರೇಶನ್ ಆದವರು ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಬೇಕಿತ್ತು. ಆ ಕನ್ನಡಕದಲ್ಲಿ ಎಲ್ಲ ದೊಡ್ಡದಾಗಿ, ಹತ್ತಿರ ಬಂದ ಹಾಗೆ ಕಾಣುತ್ತಿತ್ತು. ಮೆಟ್ಟಿಲು ಇಳಿಯಲು ಹೆದರುತ್ತಿದ್ದರು. ಅಷ್ಟು ತೊಂದರೆ ಇದ್ದಾಗ, ಪೂರ್ತಿ ಕುರುಡಾಗುವ ಹೊತ್ತಿಗೆ ಮಾಡಿಸಿದರೆ ಸಾಕು ಅನ್ನುವುದು ಸರಿಯೇ ಆಗಿತ್ತು.

ನಮ್ಮ ತಾತನಿಗೆ ಡಾಕ್ಟರ್ ಎಂ. ಸಿ. ಮೋದಿಯವರ ಶಿಬಿರದಲ್ಲಿ ಆಪರೇಶನ್ ಆಗಿದ್ದು. ಶಾಲೆಯ ಕೊಠಡಿಗಳಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿಸಿದ್ದರು, ನಾವು ಮಕ್ಕಳು ಕಿಟಕಿಯಿಂದ ನೋಡುತ್ತಿದ್ದೆವು. ಬೀಳಗಿಯಲ್ಲಿ ಹುಟ್ಟಿದ ಮನುಷ್ಯ ಹಳ್ಳಿ ಹಳ್ಳಿಗೆ ಹೋಗಿ ಬಡವರಿಗೆ ದುಡ್ಡಿಲ್ಲದೆ ಕಣ್ಣು ಕೊಟ್ಟರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಆದರೆ ಆ ಕಾಲದ ನಿಯಮ ಈಗಿನ ಆಪರೇಶನ್‌ಗೆ ಹೊಂದುವುದಿಲ್ಲ.

ಕಣ್ಣು_ಪರೀಕ್ಷಕ
ನಾನು ಮೈಸೂರಿನಲ್ಲಿ ಆಪ್ಟೋಮೆಟ್ರಿಸ್ಟ್. ಡಾಕ್ಟರ್ ಅಲ್ಲ, ಆದರೆ ದಿನವಿಡೀ ಇದೇ ಕೆಲಸ.

ಮೇಷ್ಟ್ರು ಹೇಳಿದ್ದು ಸರಿ. ಈಗ ಹಣ್ಣಾಗಲು ಬಿಟ್ಟರೆ ಆಗುವುದೇ ತೊಂದರೆ. ಫೇಕೋ ಅನ್ನುವ ವಿಧಾನದಲ್ಲಿ 3 ಮಿಲಿಮೀಟರ್‌ಗೂ ಚಿಕ್ಕ ಗಾಯ ಮಾಡಿ, ಪೊರೆಯನ್ನು ಶಬ್ದತರಂಗದಿಂದ ಪುಡಿ ಮಾಡಿ ಎಳೆದುಕೊಳ್ಳುತ್ತಾರೆ. ಪೊರೆ ಗಟ್ಟಿಯಾದಷ್ಟೂ ಜಾಸ್ತಿ ಹೊತ್ತು ಪುಡಿ ಮಾಡಬೇಕು, ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರಕ್ಕೆ, ಅಂದರೆ ಕಾರ್ನಿಯಾಗೆ, ಅಷ್ಟು ಪೆಟ್ಟು. ತೀರಾ ಬಲಿತರೆ ಕಣ್ಣಿನ ಒತ್ತಡ ಏರಿ ನೋವು ಶುರುವಾಗಿ, ರಾತ್ರೋರಾತ್ರಿ ಓಡಿ ಬರುವವರೂ ಇದ್ದಾರೆ.

ಪೊರೆ ಮತ್ತೆ ಬರುವುದಿಲ್ಲ. ಕೆಲವರಿಗೆ ಆಪರೇಶನ್ ಆಗಿ ಕೆಲವು ತಿಂಗಳಿಗೋ ವರ್ಷಗಳಿಗೋ ಲೆನ್ಸಿನ ಹಿಂದಿನ ಚೀಲ ಮಸುಕಾಗುತ್ತದೆ. ಅದನ್ನೇ ಜನ ಮತ್ತೆ ಪೊರೆ ಬಂತು ಅನ್ನುವುದು. ಯಾಗ್ ಲೇಸರ್‌ನಲ್ಲಿ ಐದೇ ನಿಮಿಷದ ಕೆಲಸ. ಕೊಯ್ಯುವುದಿಲ್ಲ, ಅಡ್ಮಿಟ್ ಆಗುವುದೂ ಬೇಡ.

ಪೊರೆ ಕರಗಿಸುವ ಡ್ರಾಪ್ಸ್ ಅಂತ ಕೆಲಸ ಮಾಡುವಂಥದ್ದು ಯಾವುದೂ ಇಲ್ಲ. ಒಂದು ರೂಪಾಯಿಯೂ ಹಾಕಬೇಡಿ.

ಫೆಬ್ರವರಿವರೆಗೆ ಕಾಯಬಹುದಾ ಅಂದರೆ, ಬರೀ ಪೊರೆ ಆಗಿದ್ದರೆ ಕಾಯಬಹುದು. ಆದರೆ ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಕಣ್ಣಿನ ಹಿಂಭಾಗದ ನರಪದರ, ಅಂದರೆ ರೆಟಿನಾ ಹೇಗಿದೆ ಅಂತ ಯಾರಾದರೂ ನೋಡಿದ್ದಾರಾ? ಪಾಪೆ ಅಗಲವಾಗುವ ಡ್ರಾಪ್ಸ್ ಹಾಕಿ ನೋಡಿದ್ದಾರಾ? ಮೊದಲು ಅದನ್ನು ಕೇಳಿ. ಪೊರೆಯಿಂದ ಹೋದ ದೃಷ್ಟಿ ಆಪರೇಶನ್‌ನಿಂದ ವಾಪಸ್ ಬರುತ್ತದೆ. ರೆಟಿನಾ ಹಾಳಾದರೆ, ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ಬರುವ ಗ್ಲಾಕೋಮಾದಲ್ಲಿ ಕಣ್ಣಿನ ನರ ಸತ್ತರೆ, ಹೋದದ್ದು ಹೋದಂತೆಯೇ. ಹಾಗಾಗಿ ಮೊದಲು ತಿಳಿಯಬೇಕಾದ್ದು ಯಾವುದು ಕಾಯುತ್ತೆ, ಯಾವುದು ಕಾಯಲ್ಲ ಅನ್ನುವುದು.

ಬಸು_ಬಾಗಲಕೋಟೆ
ಮೋದಿ ಡಾಕ್ಟರ್ ಹೆಸರು ಕೇಳಿ ಖುಷಿ ಆಯ್ತು ಮೇಷ್ಟ್ರೇ. ನಮ್ಮ ಕಡೆ ಹಿರಿಯರು ಈಗಲೂ ಕೈ ಮುಗಿದು ನೆನೆಯುತ್ತಾರೆ.

ರಘು ಅವರೇ, ಲೆನ್ಸ್ ವಿಷಯದಲ್ಲಿ ದುಬಾರಿ ಇದ್ದದ್ದೇ ಒಳ್ಳೆಯದು ಅಂತ ತಿಳಿಯಬೇಡಿ. ನಮ್ಮ ಮಾವ ದೂರದ್ದೂ ಹತ್ತಿರದ್ದೂ ಕಾಣುವ ಮಲ್ಟಿಫೋಕಲ್ ಲೆನ್ಸ್ ಹಾಕಿಸಿದರು. ಪೇಪರ್ ಕನ್ನಡಕ ಇಲ್ಲದೆ ಓದುತ್ತಾರೆ, ನಿಜ. ಆದರೆ ರಾತ್ರಿ ಗಾಡಿ ಓಡಿಸುವಾಗ ಎದುರಿನ ಲೈಟಿನ ಸುತ್ತ ಬಳೆ ಬಳೆ ಕಾಣುತ್ತದೆ ಅಂತ ಓಡಿಸುವುದನ್ನೇ ಬಿಟ್ಟರು. ಅವರ ಕಿರಾಣಿ ಅಂಗಡಿಗೆ ಮಾಲು ತರುವುದು ರಾತ್ರಿ ಹೊತ್ತಿನಲ್ಲೇ. ಯಾರೂ ಮೊದಲೇ ಕೇಳಲಿಲ್ಲ, ನೀವು ರಾತ್ರಿ ಗಾಡಿ ಓಡಿಸ್ತೀರಾ ಅಂತ.

ನಂದಿನಿ_ಜೆಪಿನಗರ
ಅದು ಒಬ್ಬರ ಅನುಭವ ಅಷ್ಟೇ ಬಸು ಸರ್. ನಮ್ಮ ಚಿಕ್ಕಮ್ಮ ಮಲ್ಟಿಫೋಕಲ್ ಹಾಕಿಸಿ ತುಂಬಾ ಖುಷಿಯಾಗಿದ್ದಾರೆ. ಹೊಲಿಗೆ, ಮೊಬೈಲ್, ಟಿವಿ ಎಲ್ಲದಕ್ಕೂ ಕನ್ನಡಕ ಬೇಕಿಲ್ಲ. ಸುಮ್ನೆ ಹೆದರಿಸಬೇಡಿ.

ಬಸು_ಬಾಗಲಕೋಟೆ
ಹೆದರಿಸ್ತಾ ಇಲ್ಲ ಮೇಡಂ. ನಾನು ಹೇಳಿದ್ದು ಕೇಳಿ ಹಾಕಿಸಿ ಅಂತ.

ಕಣ್ಣು_ಪರೀಕ್ಷಕ
ಇಬ್ಬರೂ ಹೇಳಿದ್ದು ನಿಜ. ಮಾನೋಫೋಕಲ್ ಲೆನ್ಸಿನಲ್ಲಿ ದೂರದ್ದು ಚೊಕ್ಕವಾಗಿ ಕಾಣುತ್ತದೆ, ಓದಲು ಕನ್ನಡಕ ಬೇಕು. ಮಲ್ಟಿಫೋಕಲ್‌ನಲ್ಲಿ ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುತ್ತಾರೆ, ಅದಕ್ಕೇ ಮಬ್ಬು ಬೆಳಕಿನಲ್ಲಿ ಸ್ವಲ್ಪ ಮಂಕು, ದೀಪದ ಸುತ್ತ ಬಳೆ. ಟೋರಿಕ್ ಅಂತ ಇನ್ನೊಂದಿದೆ, ಅದು ಕಣ್ಣಿನ ಮುಂಭಾಗದ ಬಾಗು ಸಮನಾಗಿರದೆ ಸಿಲಿಂಡರ್ ಪವರ್ ಬಂದವರಿಗೆ. ಸಕ್ಕರೆಯಿಂದ ರೆಟಿನಾಗೆ ತೊಂದರೆ ಇದ್ದರೆ, ಗ್ಲಾಕೋಮಾ ಇದ್ದರೆ, ಸಾಮಾನ್ಯವಾಗಿ ಮಲ್ಟಿಫೋಕಲ್ ಬೇಡ ಅಂತಾರೆ. ರಘು ಅವರ ಅಮ್ಮ ರಾತ್ರಿ ಬಲ್ಬಿನ ಬೆಳಕಲ್ಲಿ ಕತ್ತಿ ಮುಂದೆ ಕೂರುವವರು. ಇಷ್ಟನ್ನು ಸರ್ಜನ್‌ಗೆ ಹೇಳಿ. ನನ್ನ ಅಭಿಪ್ರಾಯ ಕೇಳಿದರೆ ಒಳ್ಳೆಯ ಮಾನೋಫೋಕಲ್ ಸಾಕು. ಉಳಿದ ದುಡ್ಡಿನಲ್ಲಿ ಇನ್ನೊಂದು ಕಣ್ಣಿಗೂ ಮಾಡಿಸಬಹುದು.

ತೀರ್ಥಹಳ್ಳಿ_ರಘು
ತುಂಬಾ ಉಪಯೋಗ ಆಯ್ತು. ರೆಟಿನಾ ನೋಡಿದ್ದಾರಾ ಅಂತ ಚೀಟಿ ತೆಗೆದು ನೋಡಿದೆ, ಅದರಲ್ಲಿ ಏನೂ ಬರೆದಿಲ್ಲ. ಇನ್ನೊಂದು ವಿಚಿತ್ರ: ಅಮ್ಮ ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಕನ್ನಡಕ ಇಲ್ಲದೆ ಪಂಚಾಂಗ ಓದಲು ಶುರು ಮಾಡಿದ್ದರು. ಕಣ್ಣು ಸುಧಾರಿಸಿತು ಅಂತ ನಾವೆಲ್ಲ ಖುಷಿಪಟ್ಟಿದ್ದೆವು.

ಕಣ್ಣು_ಪರೀಕ್ಷಕ
ಪೊರೆ ಶುರುವಾಗುವಾಗ ಹಲವರಿಗೆ ಹೀಗಾಗುತ್ತದೆ. ಮಸೂರದ ನಡುಭಾಗ ಗಟ್ಟಿಯಾಗುತ್ತಾ ಹೋದಂತೆ ಕಣ್ಣು ಮೈನಸ್ ಕಡೆಗೆ ವಾಲುತ್ತದೆ. ಹತ್ತಿರದ್ದು ಕನ್ನಡಕ ಇಲ್ಲದೆ ಕಾಣುತ್ತದೆ, ದೂರದ್ದು ಮಂಜಾಗುತ್ತದೆ. ಮನೆಯ ಹಿರಿಯರು ಹಾಗೆ ಓದಲು ಶುರು ಮಾಡಿದರೆ ಪರೀಕ್ಷೆ ಮಾಡಿಸಿ.

ಸಕ್ಕರೆ ಇರುವವರಿಗೆ ಇನ್ನೊಂದು ಮಾತು. ರಕ್ತದಲ್ಲಿ ಸಕ್ಕರೆ ಏರಿಳಿದರೆ ಮಸೂರ ನೀರು ಹೀರಿ ಉಬ್ಬುತ್ತದೆ, ಕನ್ನಡಕದ ನಂಬರ್ ವಾರದಿಂದ ವಾರಕ್ಕೆ ಬದಲಾಗುತ್ತದೆ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಆದ ಮೇಲೆ ಕನ್ನಡಕ ಮಾಡಿಸಿ. ಇಲ್ಲದಿದ್ದರೆ ದುಡ್ಡು ದಂಡ, ಅಂಗಡಿಯವನ ಜೊತೆ ಜಗಳ ಬೇರೆ.

ವನಜಕ್ಕ_ಪುತ್ತೂರು
ಎಲ್ಲದಕ್ಕೂ ಆಪರೇಶನ್, ಇಂಜೆಕ್ಷನ್ ಅಂತೀರಿ. ನಮ್ಮ ಅಜ್ಜಿ ದಿನಾ ಬೆಳಗ್ಗೆ ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಸಿ ಕಣ್ಣ ಮೇಲೆ ಇಟ್ಟುಕೊಳ್ಳುತ್ತಿದ್ದರು. ತೊಂಬತ್ತು ದಾಟಿದರೂ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಹೊನಗೊನ್ನೆ ಸೊಪ್ಪು, ನುಗ್ಗೆ ಸೊಪ್ಪು ತಿಂದರೆ ಕಣ್ಣಿಗೆ ಒಳ್ಳೆಯದು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ಅನಿತಾ_ಟೀಚರ್_ಹಾಸನ
ವನಜಕ್ಕ, ಸೊಪ್ಪಿನ ಮಾತು ಸರಿ. ವಿಟಮಿನ್ ಎ ಕಡಿಮೆಯಾದರೆ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ಅದಕ್ಕೇ ಅಲ್ವಾ ಅಂಗನವಾಡಿಯಲ್ಲಿ 9 ತಿಂಗಳಿಂದ 5 ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ ವಿಟಮಿನ್ ಎ ದ್ರಾವಣ ಕುಡಿಸುವುದು. ಆದರೆ ಸೊಪ್ಪು, ಕ್ಯಾರೆಟ್ ತಿಂದು ಮೈನಸ್ ಪವರ್ ಇಳಿಯುವುದಿಲ್ಲ. ನನ್ನ ತರಗತಿಯ ಒಬ್ಬ ಹುಡುಗನ ಮನೆಯವರು ಕ್ಯಾರೆಟ್ ಜ್ಯೂಸ್ ಕುಡಿಸುತ್ತಾ ಕನ್ನಡಕ ಕೊಡಿಸಲೇ ಇಲ್ಲ. ಅವನು ಬೋರ್ಡ್ ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ, ಪೆದ್ದ ಅಂತ ಹೆಸರು ಬಂತು. ಕನ್ನಡಕ ಹಾಕಿದ ಮೇಲೆ ಅದೇ ಹುಡುಗ ಗಣಿತದಲ್ಲಿ ಮುಂದೆ ಬಂದ.

ಕಣ್ಣು_ಪರೀಕ್ಷಕ
ನಂದಿಬಟ್ಟಲನ್ನು ತೊಳೆದು, ಮುಚ್ಚಿದ ರೆಪ್ಪೆಯ ಮೇಲೆ ತಂಪಿಗೆ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಹೂ ಹಿಂಡಿ ರಸವನ್ನು ಕಣ್ಣೊಳಗೆ ಬಿಡಬೇಡಿ. ಎದೆಹಾಲು, ಜೇನು, ಹರಳೆಣ್ಣೆ ಯಾವುದೂ ಬೇಡ. ಅದರಲ್ಲಿ ಇರುವ ಸೂಕ್ಷ್ಮಜೀವಿ ನೇರವಾಗಿ ಕಣ್ಣಿಗೆ ಹೋಗುತ್ತದೆ.

ಮಂಡ್ಯ_ಚಂದ್ರು
ಕಣ್ಣಿಗೆ ಏನೇನೋ ಬಿಡುವ ಮಾತು ಬಂತಲ್ಲ, ನಮ್ಮ ಮನೆಯದು ಹೇಳಲೇಬೇಕು. ತಮ್ಮ ಕಬ್ಬು ಕಡಿಯುವಾಗ ಸೋಗೆಯ ಅಂಚು ಕಣ್ಣಿಗೆ ಹೊಡೆಯಿತು. ಸಣ್ಣ ಗೀರು. ಮೊದಲು ಪಕ್ಕದ ಗದ್ದೆಯವರು ಸೆರಗಿನ ತುದಿಯಿಂದ ಕಸ ತೆಗೆದರು. ಸಂಜೆ ಕೆಂಪಾಯಿತು ಅಂತ ಔಷಧಿ ಅಂಗಡಿಯಲ್ಲಿ ಡ್ರಾಪ್ಸ್ ಕೇಳಿ ತಂದ. ಹಾಕಿದ ಮರುದಿನವೇ ಕೆಂಪು ಇಳಿಯಿತು, ನೋವೂ ಕಡಿಮೆ. ಸರಿಹೋಯ್ತು ಅಂತ ಕಬ್ಬು ಕಡಿಯಲು ಹೋದ. ವಾರ ಕಳೆಯುವುದರೊಳಗೆ ಕಪ್ಪುಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ. ಬೆಳಕು ನೋಡಲು ಆಗುತ್ತಿಲ್ಲ, ನೀರು ಸುರಿಯುತ್ತಿದೆ.

ದೊಡ್ಡಾಸ್ಪತ್ರೆಯಲ್ಲಿ ಕೆರೆದು ಪರೀಕ್ಷೆ ಮಾಡಿದಾಗ ಫಂಗಸ್ ಅಂತ ಬಂತು. ಗಿಡದ ಎಲೆ, ಹೊಟ್ಟು ತಾಗಿ ಆದ ಗಾಯದಲ್ಲಿ ಫಂಗಸ್ ಬೆಳೆಯುವುದು ಜಾಸ್ತಿಯಂತೆ. ಅವನು ಹಾಕಿಕೊಂಡ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಕೆಂಪನ್ನೂ ನೋವನ್ನೂ ಇಳಿಸುತ್ತದೆ, ಒಳಗೆ ಫಂಗಸ್‌ಗೆ ಮಾತ್ರ ದಾರಿ ಮಾಡಿಕೊಡುತ್ತದೆ. ಗಂಟೆಗೊಮ್ಮೆ ಔಷಧಿ ಹಾಕುತ್ತಾ ತಿಂಗಳುಗಟ್ಟಲೆ ಹೋರಾಡಿದೆವು. ಕಣ್ಣು ಉಳಿಯಿತು. ಆದರೆ ನಡುವೆ ಬಿಳಿ ಕಲೆ ಉಳಿದು ಹೂ ಬಿದ್ದಿದೆ, ಆ ಕಣ್ಣಲ್ಲಿ ಎದುರಿನವರ ಮುಖ ಗುರುತು ಸಿಗುವುದಿಲ್ಲ. ಅವನಿಗೆ ಇನ್ನೂ 29.

ದಯವಿಟ್ಟು ಗದ್ದೆ ತೋಟದಲ್ಲಿ ಕಣ್ಣಿಗೆ ಏನಾದರೂ ತಾಗಿದರೆ ಅಂಗಡಿ ಡ್ರಾಪ್ಸ್ ಹಾಕಬೇಡಿ.

ಮಹೇಶ್_ಮೆಡಿಕಲ್ಸ್
ಚಂದ್ರು, ನಿಮ್ಮ ತಮ್ಮನ ವಿಷಯ ಕೇಳಿ ಬೇಜಾರಾಯ್ತು. ಆದರೆ ನಾನು ಅಂಗಡಿ ಇಟ್ಟವನು, ಒಂದು ಮಾತು ಹೇಳುತ್ತೇನೆ. ಜನ ಹಳೇ ಬಾಟಲಿ ತಂದು ಇದೇ ಕೊಡಿ ಅಂತಾರೆ. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಬೈದು ಪಕ್ಕದ ಅಂಗಡಿಗೆ ಹೋಗುತ್ತಾರೆ. ಎಲ್ಲಾ ತಪ್ಪು ನಮ್ಮ ಮೇಲೆ ಹಾಕಬೇಡಿ.

ಮಂಡ್ಯ_ಚಂದ್ರು
ಸರ್, ಅವನು ಹಳೇ ಬಾಟಲಿ ತಗೊಂಡು ಹೋಗಿರಲಿಲ್ಲ. ಕಣ್ಣು ಕೆಂಪಾಗಿದೆ ಅಂದ, ಅವರು ಕೊಟ್ಟರು. ಏನು ತಾಗಿತು ಅಂತ ಕೇಳಲೂ ಇಲ್ಲ. ಜನ ಕೇಳ್ತಾರೆ ಅಂತ ಕೊಡುವುದು ಸರಿಯಾ?

ಮಹೇಶ್_ಮೆಡಿಕಲ್ಸ್
ಸರಿಯಲ್ಲ, ಒಪ್ಪುತ್ತೇನೆ. ಇದೆಲ್ಲ ಚೀಟಿ ನೋಡಿಯೇ ಮಾರಬೇಕಾದ ಔಷಧಿ ಅಂತ ಕಾನೂನೇ ಇದೆ. ಓದುವವರಿಗೆ ಒಂದು ಉಪಾಯ: ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಆಂಟಿಬಯೋಟಿಕ್ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಡಾಕ್ಟರ್ ಹೇಳದೆ ಅದನ್ನು ಮುಟ್ಟಬೇಡಿ. ಕಣ್ಣಿನ ಡ್ರಾಪ್ಸ್ ಬಹುಪಾಲು ತೆರೆದ ತಿಂಗಳಿಗೆ ಎಸೆಯಬೇಕು. ಹೋದ ವರ್ಷದ ಬಾಟಲಿ ಫ್ರಿಜ್ಜಿನಲ್ಲಿ ಇಟ್ಟುಕೊಂಡು ಮನೆಮಂದಿಯೆಲ್ಲ ಹಾಕಿಕೊಳ್ಳುವುದು ನಿಲ್ಲಬೇಕು.

ಡಲ್ಲಾಸ್_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಸ್ಟೀರಾಯ್ಡ್ ಡ್ರಾಪ್ಸ್ ಚೀಟಿ ಇಲ್ಲದೆ ಸಿಗುವುದೇ ಇಲ್ಲ. ನಮ್ಮಲ್ಲೂ ಹಾಗೆ ಆಗಬೇಕು.

ಕಣ್ಣು_ಪರೀಕ್ಷಕ
ಚಂದ್ರು ಬರೆದದ್ದನ್ನು ದಯವಿಟ್ಟು ಎಲ್ಲರೂ ನಿಮ್ಮ ಊರಿನ ಗುಂಪುಗಳಿಗೆ ಹಾಕಿ. ಇದಕ್ಕೆ ಸೇರಿಸಬೇಕಾದ್ದು: ಅಲರ್ಜಿ, ತುರಿಕೆ ಅಂತ ಮಕ್ಕಳಿಗೆ ಅದೇ ಡ್ರಾಪ್ಸ್ ತಿಂಗಳಾನುಗಟ್ಟಲೆ ಹಾಕುತ್ತಾರೆ. ಹಾಕಿದಾಗ ತುರಿಕೆ ನಿಲ್ಲುತ್ತದೆ. ಒಳಗೆ ಒತ್ತಡ ಏರಿ ಗ್ಲಾಕೋಮಾ, ಎಳೆ ವಯಸ್ಸಿಗೇ ಪೊರೆ. ಹತ್ತು ಹನ್ನೆರಡು ವರ್ಷದ ಮಕ್ಕಳಲ್ಲಿ ಇದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಕಣ್ಣು ಉಜ್ಜುವ ಚಟವೂ ಕೆಟ್ಟದ್ದು. ಉಜ್ಜಿ ಉಜ್ಜಿ ಕಾರ್ನಿಯಾ ಸಡಿಲವಾಗಿ ಕೋನಿನಂತೆ ಮುಂದೆ ಬರುವ ಕೆರಟೋಕೋನಸ್ ಅನ್ನುವ ತೊಂದರೆ ಹದಿಹರೆಯದಲ್ಲೇ ಶುರುವಾಗುತ್ತದೆ.

ಸವಿತಾ_ಶಿರಸಿ
ಮಕ್ಕಳ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಎಲೆಅಡಿಕೆ ಹಾಕುವ ಮನೆಯವರು ಸುಣ್ಣದ ಡಬ್ಬಿ ಮೇಲಿಡಿ. ಪಕ್ಕದ ಮನೆಯ ಮೂರು ವರ್ಷದ ಮಗು ಅಜ್ಜಿಯ ಚೀಲದಿಂದ ಸುಣ್ಣದ ಟ್ಯೂಬ್ ತೆಗೆದು ಎರಡೂ ಕೈಯಲ್ಲಿ ಒತ್ತಿತು. ಮುಚ್ಚಳ ಹಾರಿ ಸುಣ್ಣ ನೇರ ಕಣ್ಣಿಗೆ. ಅದೃಷ್ಟಕ್ಕೆ ಅದರಮ್ಮ ನರ್ಸ್. ಮಗುವನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಹಿಡಿದು, ರೆಪ್ಪೆ ಬಿಡಿಸಿ ಅರ್ಧ ಗಂಟೆ ನೀರು ಬಿಟ್ಟರು. ಮಗು ಕಿರುಚುತ್ತಿತ್ತು, ಸುತ್ತ ನಿಂತವರು ಮೊದಲು ಆಸ್ಪತ್ರೆಗೆ ಹೋಗಿ ಅಂತ ಗದ್ದಲ. ಅವರು ಕೇಳಲಿಲ್ಲ, ತೊಳೆದೇ ಹೊರಟರು. ಕಣ್ಣು ಉಳಿದದ್ದು ಆ ನೀರಿನಿಂದ ಅಂತ ಡಾಕ್ಟರ್ ಹೇಳಿದರು.

ಅನಿತಾ_ಟೀಚರ್_ಹಾಸನ
ಅಬ್ಬಾ. ಇದನ್ನು ಪೋಷಕರ ಸಭೆಯಲ್ಲಿ ಹೇಳುತ್ತೇನೆ. ದೀಪಾವಳಿ ಹತ್ತಿರ ಬಂತು, ಪಟಾಕಿಯದೂ ಹೇಳಬೇಕು. ಪ್ರತಿ ವರ್ಷ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಹಬ್ಬಕ್ಕೆ ಅಂತಲೇ ಬೇರೆ ಹಾಸಿಗೆ ಸಿದ್ಧ ಮಾಡಿಡುತ್ತಾರೆ. ಹಚ್ಚಿದವರಿಗಿಂತ ನೋಡುತ್ತಾ ನಿಂತ ಮಕ್ಕಳ ಕಣ್ಣಿಗೇ ಪೆಟ್ಟು ಬಿದ್ದದ್ದನ್ನು ಪೇಪರಿನಲ್ಲಿ ಓದುತ್ತೇವೆ.

ನಂದಿನಿ_ಜೆಪಿನಗರ
ಎಲ್ಲರೂ ಹಿರಿಯರದು, ಮಕ್ಕಳದು ಹೇಳಿದಿರಿ. ನಮ್ಮಂಥವರ ಗತಿ? ದಿನವಿಡೀ ಲ್ಯಾಪ್‌ಟಾಪ್, ಮೇಲೆ ಎಸಿ. ಸಂಜೆಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ. ಬ್ಲೂ ಲೈಟ್ ಕನ್ನಡಕಕ್ಕೆ ಒಳ್ಳೆ ದುಡ್ಡು ಕೊಟ್ಟೆ, ಏನೂ ಬದಲಾಗಿಲ್ಲ. ಇತ್ತೀಚೆಗೆ ಮೊಬೈಲನ್ನು ದೂರ ಹಿಡಿದರೇ ಕಾಣುವುದು. ವಯಸ್ಸು 42.

ಕಣ್ಣು_ಪರೀಕ್ಷಕ
ದೂರ ಹಿಡಿಯುವುದು ಚಾಳೀಸು ಮೇಡಂ. ನಲವತ್ತರ ಆಸುಪಾಸಿಗೆ ಎಲ್ಲರಿಗೂ ಬರುತ್ತದೆ. ಓದುವ ಕನ್ನಡಕ ಹಾಕಿ, ಹಾಕಿದರೆ ಅಭ್ಯಾಸವಾಗಿ ಕಣ್ಣು ಹಾಳಾಗುತ್ತೆ ಅನ್ನುವುದು ಸುಳ್ಳು. ಆದರೆ ಫುಟ್‌ಪಾತ್‌ನ ರೆಡಿ ಕನ್ನಡಕ ತರಬೇಡಿ. ಕನ್ನಡಕದ ನೆಪದಲ್ಲಾದರೂ ನಲವತ್ತಕ್ಕೆ ಒಮ್ಮೆ ಕಣ್ಣಿನ ಒತ್ತಡ, ನರ ಎರಡೂ ಪರೀಕ್ಷೆ ಆಗಲಿ. ಗ್ಲಾಕೋಮಾ ನೋವು ಕೊಡದೆ ಅಂಚಿನಿಂದ ದೃಷ್ಟಿ ತಿನ್ನುತ್ತಾ ಬರುತ್ತದೆ, ನಡುವಿನ ದೃಷ್ಟಿ ಕೊನೆಯವರೆಗೂ ಚೆನ್ನಾಗಿರುವುದರಿಂದ ಗೊತ್ತೇ ಆಗುವುದಿಲ್ಲ. ಅಪ್ಪ ಅಮ್ಮನಿಗೆ ಇದ್ದರೆ ಖಂಡಿತ ನೋಡಿಸಿ.

ಮರಳಿನ ಅನುಭವ ಕಣ್ಣು ಒಣಗುವುದರಿಂದ. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಹೊಡೆಯುವುದೇ ಕಡಿಮೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ, ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ. ಎಸಿ ಗಾಳಿ ನೇರ ಮುಖಕ್ಕೆ ಬರದಂತೆ ಕೂರಿ. ಸ್ಕ್ರೀನ್ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಬ್ಲೂ ಲೈಟ್ ಕನ್ನಡಕದಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಗುರುಮೂರ್ತಿ_ಮೇಷ್ಟ್ರು
ಗ್ಲಾಕೋಮಾ ನೋವು ಕೊಡುವುದಿಲ್ಲ ಅಂದಿರಿ. ನನ್ನ ಹೆಂಡತಿಗೆ ವಿಪರೀತ ನೋವೇ ಬಂದಿತ್ತು. ರಾತ್ರಿ ಅರೆತಲೆ ಸಿಡಿತ, ವಾಂತಿ. ಪಿತ್ತ ಅಂತ ನಿಂಬೆ ಪಾನಕ, ಶುಂಠಿ ಕಷಾಯ ಎಲ್ಲ ಆಯಿತು. ಟ್ಯೂಬ್‌ಲೈಟ್ ಸುತ್ತ ಕಾಮನಬಿಲ್ಲು ಕಾಣುತ್ತಿದೆ ಅಂದಾಗ ಮಗಳಿಗೆ ಅನುಮಾನ ಬಂದು ಕರೆದುಕೊಂಡು ಹೋದಳು.

ಕಣ್ಣು_ಪರೀಕ್ಷಕ
ಅದು ಇನ್ನೊಂದು ಬಗೆ ಮೇಷ್ಟ್ರೇ, ಕಣ್ಣೊಳಗಿನ ನೀರು ಹೊರಹೋಗುವ ಕೋನ ಒಮ್ಮೆಲೇ ಮುಚ್ಚಿಕೊಳ್ಳುವುದು. ನಾನು ಹೇಳಿದ್ದು ನಿಧಾನದ ಬಗೆ. ನಿಮ್ಮ ಮನೆಯವರಿಗೆ ಆದದ್ದು ಗಂಟೆಗಳ ಲೆಕ್ಕದ ತುರ್ತು. ಮಗಳು ಒಳ್ಳೆ ಕೆಲಸ ಮಾಡಿದರು. ಹಾಗೆಯೇ ಕಣ್ಣ ಮುಂದೆ ಮಿಂಚು ಹೊಡೆದಂತಾಗಿ, ಕಪ್ಪು ಚುಕ್ಕೆಗಳು ಒಮ್ಮೆಲೇ ಮಳೆಯಂತೆ ಸುರಿದು, ಒಂದು ಬದಿಯಿಂದ ಪರದೆ ಎಳೆದ ಹಾಗಾದರೆ ರೆಟಿನಾ ಕಳಚುತ್ತಿದೆ ಅಂತ ಅನುಮಾನಿಸಿ. ಅಂದೇ ಹೊರಡಿ. ದೊಡ್ಡ ಮೈನಸ್ ಪವರ್ ಇದ್ದವರು ಇದನ್ನು ನೆನಪಿಡಿ.

ಬಸು_ಬಾಗಲಕೋಟೆ
ವಿಷಯ ಸ್ವಲ್ಪ ಬೇರೆ. ಚಂದ್ರು ತಮ್ಮನಿಗೆ ಕಾರ್ನಿಯಾ ಕಸಿ ಮಾಡಿಸಬಹುದಲ್ವಾ? ಅಪ್ಪು ಹೋದಾಗ ಅವರ ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತಲ್ಲ.

ಮಂಡ್ಯ_ಚಂದ್ರು
ಸರದಿಯಲ್ಲಿ ಹೆಸರು ಬರೆಸಿದ್ದೇವೆ ಅಣ್ಣ. ಸೋಂಕು ಪೂರ್ತಿ ಆರಿದ ಮೇಲೆ ನೋಡೋಣ ಅಂದಿದ್ದಾರೆ.

ಅನಿತಾ_ಟೀಚರ್_ಹಾಸನ
2006ರಲ್ಲಿ ಅಣ್ಣಾವ್ರ ಕಣ್ಣು ದಾನವಾಯಿತು, 2021ರಲ್ಲಿ ಅಪ್ಪು ಅವರದು. ಆಮೇಲೆ ನಮ್ಮೂರಿನಲ್ಲೇ ಎಷ್ಟೋ ಜನ ಹೆಸರು ಬರೆಸಿದರು. ಆದರೆ ಬರೆಸಿದ್ದು ಮನೆಯವರಿಗೆ ಗೊತ್ತಿರುವುದಿಲ್ಲ. ನಮ್ಮ ಮಾವ ತೀರಿಕೊಂಡಾಗ ಫೋನ್ ಮಾಡಿದ್ದು ನಾನೇ. 6 ಗಂಟೆಯೊಳಗೆ ತೆಗೆಯಬೇಕು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಟ್ಟು ಎತ್ತರಿಸಿ ಅಂದರು. ಅವರೇ ಮನೆಗೆ ಬಂದರು. ಮುಖ ವಿಕಾರ ಆಗಲಿಲ್ಲ, ನೋಡಿದವರಿಗೆ ಗೊತ್ತೂ ಆಗಲಿಲ್ಲ. ಮಾವನಿಗೆ ಸಕ್ಕರೆ ಇತ್ತು, ಪೊರೆ ಆಪರೇಶನ್ ಆಗಿತ್ತು. ಆದರೂ ತೆಗೆದುಕೊಂಡರು.

ವನಜಕ್ಕ_ಪುತ್ತೂರು
ಇದು ನನಗೆ ಗೊತ್ತಿರಲಿಲ್ಲ. ಪೊರೆ ಆಪರೇಶನ್ ಆದವರು ಕೊಡಲಾಗದು ಅಂದುಕೊಂಡಿದ್ದೆ. ಮಕ್ಕಳಿಗೆ ಹೇಳಿಡುತ್ತೇನೆ.

ತೀರ್ಥಹಳ್ಳಿ_ರಘು
ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಬಂದೆವು. ಪಾಪೆ ಅಗಲಿಸಿ ರೆಟಿನಾ ನೋಡಿದರು. ಎಡಗಣ್ಣಿನಲ್ಲಿ ಸಕ್ಕರೆಯಿಂದ ಸಣ್ಣ ರಕ್ತದ ಚುಕ್ಕೆಗಳು ಶುರುವಾಗಿವೆಯಂತೆ, ಈಗ ಚಿಕಿತ್ಸೆ ಬೇಡ, ಸಕ್ಕರೆ ಹತೋಟಿಯಲ್ಲಿಡಿ, ಮತ್ತೆ ತೋರಿಸಿ ಅಂದರು. ಪೊರೆ ಅಂತ ಫೆಬ್ರವರಿವರೆಗೆ ಸುಮ್ಮನಿದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಬಲಗಣ್ಣಿಗೆ ಮಾನೋಫೋಕಲ್ ಅಂತ ತೀರ್ಮಾನವಾಯಿತು. ಅಮ್ಮನೂ ಒಪ್ಪಿದ್ದಾರೆ.

ಈಗ ಪ್ರಶ್ನೆ ಆಮೇಲಿನದು. ನಮ್ಮಲ್ಲಿ ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ ಎಲ್ಲ ಸೌದೆಯದು, ಹೊಗೆ ಇದ್ದೇ ಇರುತ್ತೆ. ಡ್ರಾಪ್ಸ್ ಹಾಕುವುದು ಅಪ್ಪ, ಅವರಿಗೆ ಕೈ ನಡುಕ. ಅಮ್ಮ ರಕ್ತ ತೆಳುವಾಗುವ ಮಾತ್ರೆಯೂ ತಗೊಳ್ತಾರೆ. ಅದನ್ನು ಇಂದಿನಿಂದಲೇ ನಿಲ್ಲಿಸಬೇಕಾ?

ಗುರುಮೂರ್ತಿ_ಮೇಷ್ಟ್ರು
ದುಡ್ಡಿನ ತೊಂದರೆ ಇದ್ದರೆ ಇನ್ನೊಂದು ಕಣ್ಣಿಗೆ ಸರ್ಕಾರಿ ಆಸ್ಪತ್ರೆಯನ್ನೂ ನೋಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತ. ಶಿಬಿರ ಅಂದರೆ ಈಗ ಹಿಂದಿನ ಹಾಗೆ ಶಾಲೆಯಲ್ಲಿ ಕೊಯ್ಯುವುದಿಲ್ಲ, ಊರಲ್ಲಿ ತಪಾಸಣೆ ಮಾಡಿ ಆಪರೇಶನ್‌ಗೆ ಆಸ್ಪತ್ರೆಗೇ ಕರೆದುಕೊಂಡು ಹೋಗುತ್ತಾರೆ.

ಸವಿತಾ_ಶಿರಸಿ
ಅತ್ತೆಗೆ ಹಾಕಿದ ಕ್ರಮ ಹೇಳುತ್ತೇನೆ. ಮಲಗಿಸಿ, ಕೈ ಸೋಪಿನಲ್ಲಿ ತೊಳೆದು, ಕೆಳ ರೆಪ್ಪೆಯನ್ನು ಸ್ವಲ್ಪ ಎಳೆದರೆ ಸಣ್ಣ ಬಟ್ಟಲಿನ ಹಾಗಾಗುತ್ತದೆ. ಅದರೊಳಗೆ ಒಂದೇ ಹನಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿಸಿ ಒಂದೆರಡು ನಿಮಿಷ ಬಿಡಿ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಅಂತರ, ಇಲ್ಲದಿದ್ದರೆ ಎರಡನೆಯದು ಮೊದಲಿನದನ್ನು ತೊಳೆದುಕೊಂಡು ಹೋಗುತ್ತದೆ. ಕೈ ನಡುಗುವವರು ಬಾಟಲಿ ಹಿಡಿದ ಕೈಯನ್ನು ಹಣೆಯ ಮೇಲೆ ಊರಿದರೆ ಗಟ್ಟಿ ಸಿಗುತ್ತದೆ. ಆದರೂ ಮೊದಲ ವಾರ ನೀವೋ ನಿಮ್ಮ ಮನೆಯವರೋ ಇದ್ದು ಹಾಕಿ. ಒಲೆ ಮುಂದೆ ಕೂರಿಸಬೇಡಿ, ತಲೆಗೆ ನೀರು ಹಾಕಿಕೊಳ್ಳುವುದು ಡಾಕ್ಟರ್ ಹೇಳುವವರೆಗೆ ಬೇಡ. ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಕಣ್ಣು_ಪರೀಕ್ಷಕ
ಮಾತ್ರೆ ನೀವಾಗಿ ನಿಲ್ಲಿಸಬೇಡಿ! ರಕ್ತ ತೆಳುವಾಗುವ ಮಾತ್ರೆ ಹೃದಯಕ್ಕೆ ಅಂತ ಕೊಟ್ಟಿರುತ್ತಾರೆ, ಪೊರೆ ಆಪರೇಶನ್‌ಗೆ ಬಹಳ ಸಲ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ಅಮ್ಮ ತಗೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಸರ್ಜನ್ ಮುಂದೆ ಇಡಿ, ಅವರು ಹೇಳಲಿ. ಮುಂದೆ ಅಪ್ಪನಿಗೆ ಮಾಡಿಸುವಾಗ ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ತಗೊಂಡಿದ್ದರೆ ಅದನ್ನೂ ಹೇಳಬೇಕು. ಆ ಮಾತ್ರೆಯಿಂದ ಆಪರೇಶನ್ ವೇಳೆ ಪಾಪೆ ಸರಿಯಾಗಿ ಅಗಲವಾಗುವುದಿಲ್ಲ.

ಆಪರೇಶನ್ ಆದ ಮೇಲೆ ಸ್ಟೀರಾಯ್ಡ್ ಡ್ರಾಪ್ಸ್ ಬರೆದಿರುತ್ತಾರೆ. ಮೇಲೆ ಓದಿದ್ದನ್ನು ನೆನೆದು ಹೆದರಿ ಬಿಡಬೇಡಿ. ಡಾಕ್ಟರ್ ನೋಡಿ, ದಿನದ ಲೆಕ್ಕ ಹಾಕಿ, ಕಡಿಮೆ ಮಾಡುತ್ತಾ ನಿಲ್ಲಿಸುವ ಔಷಧಿ ಅದು.

ಮೊದಲ ದಿನಗಳಲ್ಲಿ ಸ್ವಲ್ಪ ಚುಚ್ಚುವುದು, ನೀರು ಬರುವುದು ಇರುತ್ತದೆ. ಆದರೆ ನೋವು ಜಾಸ್ತಿಯಾಗುತ್ತಾ ಹೋದರೆ, ಕೆಂಪು ಏರಿದರೆ, ನಿನ್ನೆ ಕಂಡದ್ದು ಇವತ್ತು ಮಂಜಾದರೆ ಬೆಳಗಾಗಲಿ ಅಂತ ಕಾಯಬೇಡಿ. ಡಿಸ್ಚಾರ್ಜ್ ಚೀಟಿಯ ಮೇಲೆ ರಾತ್ರಿ ಹೊತ್ತು ಫೋನ್ ಎತ್ತುವ ನಂಬರ್ ಇದೆಯಾ ಅಂತ ಆಸ್ಪತ್ರೆ ಬಿಡುವ ಮೊದಲೇ ನೋಡಿಕೊಳ್ಳಿ. ತೀರ್ಥಹಳ್ಳಿಯಿಂದ ರಾತ್ರಿ ಹೊರಡಲು ಗಾಡಿ ಯಾರದ್ದು ಅಂತಲೂ ಮೊದಲೇ ಮಾತಾಡಿಟ್ಟುಕೊಳ್ಳಿ.